ಚಿತ್ರದುರ್ಗದ ಏಳುಸುತ್ತಿನ ಕೋಟೆ ಮತ್ತು ಅಲ್ಲಿನ ಪ್ರಾಚೀನ ದೇವಾಲಯಗಳು: ಭಕ್ತರಿಗೊಂದು ಪರಿಚಯ

ಶ್ರಾವಣ ಕಳೆದು ಮಳೆ ಹಿಂದೆಗೆಯುತ್ತಿದ್ದಂತೆ ಶ್ರೀಮಠದ ಕಾರ್ಯಾಲಯಕ್ಕೆ ಭಕ್ತರಿಂದ ಬರುವ ವಿಚಾರಣೆಗಳಲ್ಲಿ ಚಿತ್ರದುರ್ಗದ ಪ್ರಸ್ತಾಪ ತಪ್ಪದೇ ಇರುತ್ತದೆ. ಕೋಟೆಯನ್ನು ಒಂದೇ ದಿನದಲ್ಲಿ ನೋಡಿ ಮುಗಿಸಬಹುದೆ, ವಯಸ್ಸಾದವರು ಹತ್ತಬಹುದೆ, ಮೇಲಿರುವ ಗುಡಿಗಳು ಯಾವುವು, ಲಿಂಗಾಯತ ಪರಂಪರೆಗೂ ಈ ದುರ್ಗಕ್ಕೂ ಇರುವ ನಂಟು ಎಂತಹುದು ಎಂದು ಹಲವರು ಕೇಳುತ್ತಾರೆ. ಈ ಪ್ರಶ್ನೆಗಳಿಗೆ ಒಂದೆಡೆ ಉತ್ತರ ದೊರೆಯಲೆಂಬ ಉದ್ದೇಶದಿಂದ ಈ ಲೇಖನವನ್ನು ಸಿದ್ಧಪಡಿಸಲಾಗಿದೆ. ಇದರೊಡನೆ ಇನ್ನೊಂದು ಉದ್ದೇಶವೂ ಉಂಟು. ಕೋಟೆಗೆ ಹೋದವರು ಸಾಮಾನ್ಯವಾಗಿ ಗೋಡೆ, ಬಾಗಿಲು, ಬತೇರಿಗಳನ್ನು ನೋಡಿ ಮರಳುತ್ತಾರೆ. ಆ ಗೋಡೆಗಳ ಒಳಗೆ ಸಾವಿರಾರು ಜನರನ್ನು ಬದುಕಿಸಿದ ನೀರಿನ ವ್ಯವಸ್ಥೆಯನ್ನು ನಿಂತು ನೋಡುವವರು ವಿರಳ. ದುರ್ಗದ ನಿಜವಾದ ಬಲವಿದ್ದುದು ಅಲ್ಲಿ.

ಸ್ಥಳ ಮತ್ತು ಹೆಸರು

ಚಿತ್ರದುರ್ಗವು ಬೆಂಗಳೂರಿನಿಂದ ಸುಮಾರು 200 ಕಿ.ಮೀ. ದೂರದಲ್ಲಿ, ಪುಣೆಯ ಕಡೆಗೆ ಸಾಗುವ ರಾಷ್ಟ್ರೀಯ ಹೆದ್ದಾರಿಯ ಮಗ್ಗುಲಲ್ಲಿದೆ. ದಾವಣಗೆರೆಯಿಂದ ಸುಮಾರು 60 ಕಿ.ಮೀ. ಬಯಲುಸೀಮೆಯ ಸಮತಟ್ಟು ನೆಲದಲ್ಲಿ ಬರುತ್ತಿದ್ದಂತೆ ದೂರದಿಂದಲೇ ಬಂಡೆಗಳ ರಾಶಿ ಕಣ್ಣಿಗೆ ಬೀಳುತ್ತದೆ. ಹತ್ತಿರವಾದಂತೆ ಆ ಬಂಡೆಗಳ ನಡುವೆ ಕಟ್ಟಿದ ಗೋಡೆಯ ಗೆರೆಗಳು ಒಂದೊಂದಾಗಿ ಗೋಚರಿಸುತ್ತವೆ. ಬಂಡೆ ಎಲ್ಲಿ ಮುಗಿಯಿತು, ಗೋಡೆ ಎಲ್ಲಿ ಆರಂಭವಾಯಿತು ಎಂಬುದು ಕೆಲವೆಡೆ ಮುಟ್ಟಿ ನೋಡಿದರೂ ತಿಳಿಯದು.

ಚಿತ್ರಕಲ್ಲುದುರ್ಗವೆಂಬ ಹೆಸರೇ ಬಳಕೆಯಲ್ಲಿ ಸವೆದು ಚಿತ್ರದುರ್ಗವಾಯಿತೆಂದು ಹೇಳಲಾಗುತ್ತದೆ. ಶಾಸನಗಳಲ್ಲಿ ಬೆಮ್ಮತ್ತನಕಲ್ಲು ಎಂಬ ಹಳೆಯ ಹೆಸರೂ ದೊರೆಯುತ್ತದೆ. ಬ್ರಿಟಿಷರ ಕಾಗದಪತ್ರಗಳಲ್ಲಿ ಇದು ಚಿತಲದ್ರೂಗ್ ಆಗಿತ್ತು. ಊರಿನವರ ಬಾಯಲ್ಲಿ ಮಾತ್ರ ಎಂದೆಂದಿಗೂ ಇದು ಬರಿಯ 'ದುರ್ಗ'.

ಕೋಟೆಗಿಂತ ಹಳೆಯದು ಕೆರೆ

ಕೋಟೆಯ ಚರಿತ್ರೆಯನ್ನು ನಾಯಕರಿಂದ ಆರಂಭಿಸುವುದು ವಾಡಿಕೆ. ಆದರೆ ಗುಡ್ಡದ ಪಶ್ಚಿಮಕ್ಕಿರುವ ಚಂದ್ರವಳ್ಳಿಯ ಕಣಿವೆಯಲ್ಲಿ ಅದಕ್ಕಿಂತ ಹೆಚ್ಚು ಕಡಿಮೆ ಸಾವಿರದ ಇನ್ನೂರು ವರ್ಷ ಹಿಂದಿನ ಸಾಕ್ಷಿಯೊಂದಿದೆ. ಅಲ್ಲಿನ ಭೈರವೇಶ್ವರ ಗುಡಿಯ ಬಳಿಯ ಬಂಡೆಯ ಮೇಲೆ ಕದಂಬ ವಂಶದ ಸ್ಥಾಪಕನಾದ ಮಯೂರಶರ್ಮನ ಪ್ರಾಕೃತ ಶಾಸನವಿದೆ. ಅದು ಕ್ರಿ.ಶ. ನಾಲ್ಕನೆಯ ಶತಮಾನದ್ದು. ಮಯೂರಶರ್ಮನು ತಟಾಕವನ್ನು, ಅಂದರೆ ಕೆರೆಯನ್ನು ನಿರ್ಮಿಸಿದನೆಂಬ ಸಂಗತಿ ಅದರಲ್ಲಿದೆ. ಕನ್ನಡ ನಾಡನ್ನು ಆಳಿದ ಮೊದಲ ಸ್ವತಂತ್ರ ಅರಸನ ಹೆಸರು ಈ ನೆಲದಲ್ಲಿ ಉಳಿದಿರುವುದು ಒಂದು ಕೆರೆಯ ಜೊತೆಯಲ್ಲಿ ಎಂಬುದನ್ನು ಭಕ್ತರು ಗಮನಿಸಬೇಕು. ಚಂದ್ರವಳ್ಳಿಯಲ್ಲಿ ಡಾ. ಎಂ. ಎಚ್. ಕೃಷ್ಣ ಅವರೂ, ಬಳಿಕ 1947ರಲ್ಲಿ ಮಾರ್ಟಿಮರ್ ವ್ಹೀಲರ್ ಅವರೂ ಉತ್ಖನನ ನಡೆಸಿದರು. ಶಾತವಾಹನರ ಕಾಲದ ನಾಣ್ಯಗಳ ಜೊತೆಗೆ ರೋಮನ್ ನಾಣ್ಯಗಳೂ ಅಲ್ಲಿ ದೊರೆತವು. ಈ ಕಣಿವೆಯಲ್ಲಿಯೇ ಅಂಕಲಿಮಠವೆಂದು ಕರೆಯಲಾಗುವ ಗುಹಾಸಮುಚ್ಚಯವಿದೆ. ನೆಲದೊಳಗೆ ಇಳಿದು ಹೋಗುವ ಆ ಕತ್ತಲೆಯ ಕೋಣೆಗಳು ತಪಸ್ವಿಗಳ ಸಾಧನೆಯ ಸ್ಥಾನಗಳಾಗಿದ್ದವು.

ನಾಯಕರ ಕಾಲ

ವಿಜಯನಗರದ ಆಶ್ರಯದಲ್ಲಿ ತಿಮ್ಮಣ್ಣನಾಯಕನು ದುರ್ಗದ ಅಧಿಕಾರ ಪಡೆದಂದಿನಿಂದ ಇಲ್ಲಿ ನಾಯಕರ ಆಳ್ವಿಕೆ ಬೇರೂರಿತು. ತಾಳಿಕೋಟೆಯ ಯುದ್ಧದ ನಂತರ ಸಾಮ್ರಾಜ್ಯದ ಹಿಡಿತ ಸಡಿಲವಾದಾಗ ಈ ಬೇಡ ನಾಯಕರು ಸ್ವತಂತ್ರರಾಗಿ ಬೆಳೆದರು. ತಲೆಮಾರುಗಳ ಕಾಲ ಗೋಡೆಗೆ ಗೋಡೆ, ಸುತ್ತಿಗೆ ಸುತ್ತು ಸೇರುತ್ತ ಹೋದ ಫಲವೇ ಇಂದಿನ ಏಳುಸುತ್ತಿನ ಕೋಟೆ. ಒಂದೇ ಅರಸನು ಒಂದೇ ಕಾಲದಲ್ಲಿ ಕಟ್ಟಿಸಿದ ಕೋಟೆ ಇದಲ್ಲ.

ನಾಯಕರಲ್ಲಿ ಬಿಚ್ಚುಗತ್ತಿ ಭರಮಣ್ಣನಾಯಕನ (1689–1721) ಹೆಸರು ಲಿಂಗಾಯತ ಪರಂಪರೆಗೆ ವಿಶೇಷವಾಗಿ ಸಂಬಂಧಿಸಿದ್ದು. ಮುರುಗಿ ಶಾಂತವೀರ ಸ್ವಾಮಿಗಳಲ್ಲಿ ಆತನಿಗಿದ್ದ ಭಕ್ತಿ ಪ್ರಸಿದ್ಧವಾದುದು. ಬಡತನದ ದಿನಗಳಲ್ಲಿದ್ದ ಭರಮಣ್ಣನಿಗೆ ಸ್ವಾಮಿಗಳು ದೊರೆತನದ ಹರಕೆಯಿತ್ತರೆಂಬ ಕಥೆ ಜನರಲ್ಲಿ ಇಂದಿಗೂ ಉಳಿದಿದೆ. ಕೋಟೆಯ ಮೇಲೆ ಮುರುಘಾಮಠದ ಹಳೆಯ ಕಟ್ಟಡವಿದ್ದು, ಊರಿನ ಹೊರಗಿನ ಬೃಹನ್ಮಠವು ಭರಮಣ್ಣನಾಯಕನ ಕಾಲದ್ದು. ಅನೇಕ ಗುಡಿಗಳನ್ನೂ ಕೆರೆಗಳನ್ನೂ ಕಟ್ಟಿಸಿದ ಕೀರ್ತಿ ಈತನದು. ದಾವಣಗೆರೆಯ ದಾರಿಯಲ್ಲಿ ಸಿಗುವ ಭರಮಸಾಗರವು ಈತನ ಹೆಸರಿನ ಊರು.

ಕೊನೆಯ ದೊರೆ ಮದಕರಿನಾಯಕನು (1754–1779) ಮೈಸೂರಿನ ಹೈದರಾಲಿಯ ಮುತ್ತಿಗೆಗಳನ್ನು ಎದುರಿಸಿದನು. 1777ರ ಮುತ್ತಿಗೆ ಫಲಿಸಲಿಲ್ಲ. 1779ರಲ್ಲಿ ಕೋಟೆ ಬಿದ್ದಿತು. ನಾಯಕನನ್ನು ಶ್ರೀರಂಗಪಟ್ಟಣಕ್ಕೆ ಸೆರೆಯಾಗಿ ಒಯ್ಯಲಾಯಿತು, ದುರ್ಗದ ಬೇಡ ಕುಟುಂಬಗಳನ್ನು ಸಾವಿರಗಟ್ಟಲೆಯಾಗಿ ಅಲ್ಲಿಗೆ ಸಾಗಿಸಲಾಯಿತು. 1799ರ ನಂತರ ಕೆಲಕಾಲ ಬ್ರಿಟಿಷ್ ಸೈನ್ಯ ಇಲ್ಲಿ ಬೀಡುಬಿಟ್ಟಿತ್ತು. ದುರ್ಗದವರೇ ಆದ ತ.ರಾ.ಸು. ಅವರು ಈ ಪತನದ ಕಥೆಯನ್ನು 'ದುರ್ಗಾಸ್ತಮಾನ' ಕಾದಂಬರಿಯಲ್ಲಿ ನಿರೂಪಿಸಿದ್ದಾರೆ. ಆ ಕೃತಿಗೆ 1985ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಸಂದಿತು. ಕೋಟೆಗೆ ಹೋಗುವ ಮುನ್ನ ಅದನ್ನು ಓದಿದವರಿಗೆ ಒಂದೊಂದು ಬಾಗಿಲೂ ಪರಿಚಿತವೆನಿಸುತ್ತದೆ.

ಬಾಗಿಲುಗಳ ದಾರಿ

ಕೋಟೆಯ ವಿಸ್ತಾರ ಸುಮಾರು 1500 ಎಕರೆ. 19 ಅಗಸೆ ಬಾಗಿಲುಗಳು, 38 ದಿಡ್ಡಿ ಬಾಗಿಲುಗಳು, 35 ಕಳ್ಳದಾರಿಗಳು, ನಾಲ್ಕು ಗುಪ್ತದ್ವಾರಗಳು, ಎರಡು ಸಾವಿರ ಕಾವಲು ನೆಲೆಗಳು ಎಂಬ ಲೆಕ್ಕ ಬಹುಕಾಲದಿಂದ ಪ್ರಚಲಿತವಾಗಿದೆ. ಕೆಳಗಿನ ಸುತ್ತುಗಳು ಊರಿನ ಬೀದಿಗಳ ನಡುವೆ ಸೇರಿಹೋಗಿವೆ. ರಂಗಯ್ಯನ ಬಾಗಿಲಿನಂತಹ ದ್ವಾರಗಳ ಮೂಲಕ ಇಂದಿಗೂ ಜನ ಸಂತೆ ಪೇಟೆಗೆ ಹೋಗಿಬರುತ್ತಾರೆ.

ಮೇಲಿನ ಕೋಟೆಯ ಪ್ರವೇಶದಲ್ಲಿ ಗೋಡೆಯ ಮೇಲಿನ ಉಬ್ಬುಶಿಲ್ಪಗಳನ್ನು ನಿಂತು ನೋಡಬೇಕು. ಹೆಡೆಬಿಚ್ಚಿದ ನಾಗ ಮತ್ತು ಗಂಡಭೇರುಂಡ ಅಲ್ಲಿನ ಮುಖ್ಯ ಶಿಲ್ಪಗಳು. ಮುಂದಿನ ದಾರಿ ನೇರವಾಗಿ ಹೋಗುವುದಿಲ್ಲ. ಒಂದು ಬಾಗಿಲು ದಾಟಿದೊಡನೆ ದಾರಿ ಹೊರಳುತ್ತದೆ, ಮತ್ತೆ ಹೊರಳುತ್ತದೆ. ಶತ್ರುವಿನ ಆನೆಗೆ ಓಡಿಬಂದು ಬಾಗಿಲನ್ನು ಗುದ್ದಲು ಜಾಗ ಸಿಗಬಾರದು, ನುಗ್ಗಿ ಬಂದವರ ಮೇಲೆ ಎತ್ತರದಿಂದ ಬಾಣ, ಗುಂಡು, ಕವಣೆಕಲ್ಲುಗಳು ಬೀಳಬೇಕು ಎಂಬುದೇ ಇದರ ತಂತ್ರ. ಗೋಡೆಯ ಕಲ್ಲುಗಳನ್ನು ಒಂದಕ್ಕೊಂದು ಕೂಡುವಂತೆ ಕಡಿದು ಜೋಡಿಸಿದ್ದಾರೆ. ಹಲವೆಡೆ ಗಾರೆಯೇ ಇಲ್ಲ. ಬಂಡೆಯ ಮೈಮೇಲೆ ಸಾಲಾಗಿ ಕಾಣುವ ಚೌಕ ಗುಳಿಗಳು ಕಲ್ಲನ್ನು ಸೀಳಲು ಬೆಣೆ ಹೊಡೆದ ಗುರುತುಗಳು. ಈ ಕೋಟೆಯನ್ನು ಕಟ್ಟಿಸಿದವರ ಹೆಸರುಗಳು ಶಾಸನದಲ್ಲಿವೆ. ಕಟ್ಟಿದ ಕಲ್ಲುಕುಟಿಗರ ಕಾಯಕ ಈ ಗುಳಿಗಳಲ್ಲಿ ಉಳಿದಿದೆ.

ಒಳಗೆ ಬಂದವರಿಗೆ ಬನಶಂಕರಿಯ ಗುಡಿ, ಅನಂತರ ಮದ್ದು ಬೀಸುವ ಕಲ್ಲುಗಳು ಸಿಗುತ್ತವೆ. ನೆಲದಲ್ಲಿ ತೋಡಿದ ವೃತ್ತಾಕಾರದ ಕುಣಿಗಳಲ್ಲಿ ದೊಡ್ಡ ಬೀಸುಗಲ್ಲುಗಳಿವೆ. ಎಣ್ಣೆಯನ್ನು ಕೂಡಿಡಲು ಎಣ್ಣೆಕೊಳ, ಬಂಡೆಯ ನೆತ್ತಿಯ ಮೇಲೆ ತುಪ್ಪದ ಕೊಳದ ಬತೇರಿ, ದವಸದ ಕಣಜ, ಟಂಕಸಾಲೆ, ಗರಡಿಮನೆ ಇವೆಲ್ಲವೂ ಮೇಲಿನ ಕೋಟೆಯಲ್ಲಿವೆ. ಅಲ್ಲಿ ಒಂದು ಊರೇ ಇತ್ತು.

ಗುಡ್ಡದ ದೇವಾಲಯಗಳು

ಮೇಲಿನ ಕೋಟೆಯಲ್ಲಿ ಸುಮಾರು 18 ದೇವಾಲಯಗಳಿವೆ. ಎಲ್ಲವನ್ನೂ ಒಂದೇ ದಿನ ನೋಡುವುದು ಕಷ್ಟ. ಮೂರನ್ನು ಮಾತ್ರ ಬಿಡಬಾರದು.

ಏಕನಾಥೇಶ್ವರಿ: ಇವಳು ಕೋಟೆಯ ಅಧಿದೇವತೆ. ನಾಯಕರ ಮನೆದೇವರೂ ಹೌದು. ಜನ ಪ್ರೀತಿಯಿಂದ ಏಕನಾಥಮ್ಮ ಎನ್ನುತ್ತಾರೆ. ಬಂಡೆಯ ಆಸರೆಯಲ್ಲಿರುವ ಈ ಗುಡಿಯ ಮುಂದಿನ ಬಯಲಿನಲ್ಲಿ ದೀಪಸ್ತಂಭ ಮತ್ತು ಎತ್ತರದ ಉಯ್ಯಾಲೆ ಕಂಬ ಗಮನ ಸೆಳೆಯುತ್ತವೆ. ಅರಸರು ಹೋಗಿ ಶತಮಾನಗಳು ಕಳೆದರೂ ಅಮ್ಮನ ಪರಿಷೆಗೆ ಊರು ಇಂದಿಗೂ ಸೇರುತ್ತದೆ.

ಹಿಡಿಂಬೇಶ್ವರ: ಬಂಡೆಯ ಹೆಗಲೇರಿ ನಿಂತಿರುವ ಈ ಗುಡಿಗೆ ಮೆಟ್ಟಿಲುಗಳನ್ನು ಹತ್ತಿ ಹೋಗಬೇಕು. ಭೀಮನು ಹಿಡಿಂಬನೆಂಬ ರಕ್ಕಸನನ್ನು ಕೊಂದ ಸ್ಥಳ ಇದೆಂಬುದು ಸ್ಥಳಪುರಾಣ. ಹಿಡಿಂಬನ ಹಲ್ಲೆಂದು ತೋರಿಸುವ ವಸ್ತುವೂ, ಭೀಮನ ಭೇರಿಯೆಂದು ಕರೆಯುವ ಕಬ್ಬಿಣದ ತಗಡುಗಳ ದೊಡ್ಡ ಉರುಳೆಯೂ ಇಲ್ಲಿನ ವಿಶೇಷ. ಪಾಂಡವರು ಐವರೂ ಇಲ್ಲಿ ಲಿಂಗಗಳನ್ನು ಸ್ಥಾಪಿಸಿದರೆಂಬ ನಂಬಿಕೆಯಿಂದ ಧರ್ಮೇಶ್ವರ, ಭೀಮೇಶ್ವರ, ಫಲ್ಗುಣೇಶ್ವರ, ನಕುಲೇಶ್ವರ, ಸಹದೇವೇಶ್ವರ ಎಂಬ ಹೆಸರುಗಳು ಗುಡ್ಡದಲ್ಲಿ ಉಳಿದಿವೆ.

ಸಂಪಿಗೆ ಸಿದ್ಧೇಶ್ವರ: ಮುಂದಿರುವ ಸಂಪಿಗೆಯಿಂದ ಹೆಸರು ಪಡೆದ ಈ ಗುಡಿ ಬಂಡೆಯ ಬುಡಕ್ಕೆ ಒತ್ತಿಕೊಂಡಿದೆ. ನಾಯಕರ ಪಟ್ಟಾಭಿಷೇಕ ನಡೆಯುತ್ತಿದ್ದುದು ಈ ದೇವರ ಸನ್ನಿಧಿಯಲ್ಲಿ. ನಾಯಕರಿಗಿಂತ ಹಿಂದಿನ ಕಾಲದ ಶಾಸನಗಳೂ ಈ ದೇವಾಲಯಗಳ ಪರಿಸರದಲ್ಲಿರುವುದರಿಂದ, ಕೋಟೆ ಕಟ್ಟುವ ಮುಂಚೆಯೇ ಈ ಗುಡ್ಡ ಆರಾಧನೆಯ ನೆಲೆಯಾಗಿತ್ತೆಂಬುದು ಸ್ಪಷ್ಟ.

ಇವಲ್ಲದೆ ಗೋಪಾಲಕೃಷ್ಣ, ಆಂಜನೇಯ, ಸುಬ್ಬರಾಯ, ಬಸವ ದೇವರ ಗುಡಿಗಳೂ ಇವೆ. ಶೈವ, ವೈಷ್ಣವ, ಶಾಕ್ತ ಗುಡಿಗಳ ನಡುವೆಯೇ ಶರಣ ಪರಂಪರೆಯ ಮಠವೂ ಇದ್ದುದು ದುರ್ಗದ ಸಮಾಜ ಹೇಗಿತ್ತೆಂಬುದನ್ನು ಹೇಳುತ್ತದೆ.

ಇಷ್ಟಲಿಂಗಧಾರಿಗಳು ಕೇಳುವ ಪ್ರಶ್ನೆ

ಕರಸ್ಥಲದಲ್ಲಿ ಲಿಂಗವಿರುವಾಗ ಗುಡ್ಡದ ಮೇಲಿನ ಸ್ಥಾವರವನ್ನು ನೋಡಲು ಏಕೆ ಹೋಗಬೇಕೆಂದು ಕೆಲವು ಭಕ್ತರು ಸಂಕೋಚದಿಂದ ಕೇಳುವುದುಂಟು. ಪ್ರಶ್ನೆ ಸಾಧುವಾದುದೇ. ಬಸವಾದಿ ಶರಣರು ಸ್ಥಾವರಕ್ಕಿಂತ ಜಂಗಮವೇ ಮಿಗಿಲೆಂದು ಸಾರಿದರು. ದೇಹವೇ ದೇಗುಲವೆಂದು ಬೋಧಿಸಿದರು. ಆ ಮಾತಿನ ಸತ್ಯವನ್ನು ದುರ್ಗದಷ್ಟು ನಿಚ್ಚಳವಾಗಿ ತೋರಿಸುವ ಸ್ಥಳ ಬೇರೆ ಸಿಗುವುದು ಕಷ್ಟ. ಏಳು ಸುತ್ತಿನ ನಡುವೆ ಸುರಕ್ಷಿತವಾಗಿದ್ದ ಅರಮನೆಯಲ್ಲಿ ಇಂದು ಮಳೆಗೆ ಕರಗುತ್ತಿರುವ ಮಣ್ಣಿನ ಗೋಡೆಗಳು ಮಾತ್ರ ನಿಂತಿವೆ. ದೊರೆ ಸೆರೆಯಾಗಿ ಹೋದನು, ಪ್ರಜೆಗಳು ಚದುರಿದರು. ಆದರೆ ದಾಸೋಹ ನಿಲ್ಲಲಿಲ್ಲ, ಏಕನಾಥಮ್ಮನ ಮುಂದಿನ ದೀಪ ಆರಲಿಲ್ಲ. ಕಟ್ಟಡವನ್ನು ಕಾದುಕೊಂಡದ್ದು ಗೋಡೆಯಲ್ಲ, ಅಲ್ಲಿಗೆ ನಡೆದು ಬರುವ ಜನ. ಆದಕಾರಣ ಹೋಗಬೇಕು; ನೋಡಬೇಕು; ಪೂಜಿಸುವವರ ಶ್ರದ್ಧೆಯನ್ನು ಗೌರವಿಸಬೇಕು. ಯಾವುದು ಅಳಿಯಿತು, ಯಾವುದು ಉಳಿಯಿತು ಎಂಬುದನ್ನು ಕಣ್ಣಾರೆ ಕಂಡು ಬರಬೇಕು.

ಹೊಂಡಗಳ ಸರಪಳಿ

ಚಿತ್ರದುರ್ಗ ಮಳೆ ಕಡಿಮೆ ಬೀಳುವ ಸೀಮೆ. ಹತ್ತಿರದಲ್ಲಿ ದೊಡ್ಡ ಹೊಳೆಯಿಲ್ಲ. ಇಂತಹ ನೆಲದ ಕಲ್ಲುಗುಡ್ಡದ ಮೇಲೆ ಅರಮನೆ, ಸೈನ್ಯ, ಆನೆ ಕುದುರೆ, ಮಠ, ಮನೆಗಳೆಲ್ಲ ಹೇಗೆ ಬದುಕಿದವು? ತಿಂಗಳುಗಟ್ಟಲೆ ಮುತ್ತಿಗೆ ನಡೆದರೂ ಕೋಟೆಯೊಳಗಿನವರು ಬಾಯಾರಿ ಬಾಗಿಲು ತೆರೆಯಲಿಲ್ಲವೇಕೆ?

ಉತ್ತರ ಬಂಡೆಯಲ್ಲಿಯೇ ಇದೆ. ಬಂಡೆ ನೀರನ್ನು ಹೀರುವುದಿಲ್ಲ, ಜಾರಿಸಿಬಿಡುತ್ತದೆ. ಗುಡ್ಡದ ಮೇಲೆ ಬಿದ್ದ ಮಳೆಯನ್ನೆಲ್ಲ ಆ ಜಾರಿನ ದಿಕ್ಕಿನಲ್ಲಿಯೇ ಹಿಡಿದು, ಬಂಡೆಗಳ ನಡುವಿನ ತಗ್ಗಿಗೆ ಒಡ್ಡು ಕಟ್ಟಿ ಹೊಂಡಗಳನ್ನು ಮಾಡಿದರು. ಎತ್ತರದಲ್ಲಿರುವ ಗೋಪಾಲಸ್ವಾಮಿ ಹೊಂಡ ತುಂಬಿ ಕೋಡಿ ಬಿದ್ದರೆ ನೀರು ಕೆಳಗಿನ ಅಕ್ಕ-ತಂಗಿ ಹೊಂಡಕ್ಕೆ ಇಳಿಯುತ್ತದೆ. ಅಲ್ಲಿಂದ ಸಿಹಿನೀರು ಹೊಂಡಕ್ಕೆ, ಕಡೆಗೆ ಊರಿನ ನಡುವಿನ ಸಂತೆಹೊಂಡಕ್ಕೆ. ಮಿಕ್ಕಿದ್ದು ಕಂದಕಕ್ಕೆ. ಮೇಲಿದ್ದ ಅರಮನೆ ಮಿಗಿಸಿದ ನೀರು ಕೆಳಗಿನ ಪೇಟೆಯವನ ಮನೆಗೆ ಮುಟ್ಟುತ್ತಿತ್ತು. ಉಳಿದದ್ದು ಶತ್ರುವನ್ನು ತಡೆಯುವ ಕಂದಕವನ್ನು ತುಂಬುತ್ತಿತ್ತು. ಒಂದು ಹನಿಗೆ ಮೂರು ಕೆಲಸ. ನಡುನಡುವೆ ಹೂಳು ನಿಲ್ಲುವ ತಗ್ಗುಗಳಿರುವುದರಿಂದ ಕೆಳಕ್ಕೆ ಹೋದಂತೆ ನೀರು ತಿಳಿಯಾಗುತ್ತಿತ್ತು.

ಅಕ್ಕ-ತಂಗಿ ಹೊಂಡಕ್ಕೆ ಒಂದು ಕಥೆಯುಂಟು. ಕೋಟೆ ಬಿದ್ದ ದಿನ ನಾಯಕನ ಇಬ್ಬರು ಮಡದಿಯರು ಇದಕ್ಕೆ ಹಾರಿದರೆಂದು ಜನ ಹೇಳುತ್ತಾರೆ. ಚರಿತ್ರೆ ಹೇಗೇ ಇರಲಿ, ದುರ್ಗದ ಜನ ತಮ್ಮ ದುಃಖವನ್ನೂ ಒಂದು ಹೊಂಡದ ಹೆಸರಿನಲ್ಲಿಯೇ ಕಾಪಾಡಿಕೊಂಡಿದ್ದಾರೆ.

ಓಬವ್ವನ ಕಿಂಡಿ

ಕೋಟೆಯ ಬಲಹೀನ ಸ್ಥಳವೊಂದು ನೀರಿನ ಬಳಿಯಲ್ಲಿಯೇ ಇತ್ತು. ತಣ್ಣೀರುದೋಣಿಯೆಂಬ ಚಿಲುಮೆಯ ಪಕ್ಕದಲ್ಲಿ, ಬಂಡೆಗಳ ನಡುವೆ ಒಬ್ಬರೇ ಬಗ್ಗಿ ನುಸುಳಬಹುದಾದ ಕಿಂಡಿಯಿದೆ. ಕಹಳೆ ಮುದ್ದಹನುಮನೆಂಬ ಕಾವಲುಗಾರ ಮಧ್ಯಾಹ್ನದ ಊಟಕ್ಕೆ ಮನೆಗೆ ಬಂದಿದ್ದನು. ಅವನಿಗೆ ಕುಡಿಯುವ ನೀರು ತರಲು ಹೋದ ಮಡದಿ ಓಬವ್ವ, ಹೈದರನ ಸೈನಿಕರು ಕಿಂಡಿಯಿಂದ ನುಸುಳುವ ಸದ್ದನ್ನು ಆಲಿಸಿದಳು. ಉಣ್ಣುತ್ತಿದ್ದ ಗಂಡನನ್ನು ಎಬ್ಬಿಸಲಿಲ್ಲ. ಮನೆಯ ಒನಕೆಯನ್ನು ಹಿಡಿದು ಕಿಂಡಿಯ ಮಗ್ಗುಲಲ್ಲಿ ನಿಂತಳು, ತಲೆ ಹೊರಗಿಟ್ಟವನನ್ನು ಹೊಡೆದುರುಳಿಸಿ ಹೆಣವನ್ನು ಬದಿಗೆಳೆದಳು, ಮುಂದಿನವನಿಗಾಗಿ ಕಾದಳು. ಅರಮನೆಯವಳಲ್ಲದ, ಆಯುಧ ಹಿಡಿದವಳಲ್ಲದ, ಭತ್ತ ಕುಟ್ಟುವ ಕೈಯ ಹೆಣ್ಣುಮಗಳು ದುರ್ಗವನ್ನು ಆ ದಿನ ಉಳಿಸಿದಳು, ತಾನು ಉಳಿಯಲಿಲ್ಲ. 1972ರ 'ನಾಗರಹಾವು' ಚಲನಚಿತ್ರದಲ್ಲಿ ಜಯಂತಿಯವರ ಅಭಿನಯದಿಂದ ಆಕೆಯ ಕಥೆ ಮನೆಮನೆಗೆ ಮುಟ್ಟಿತು. 2021ರಿಂದ ನವೆಂಬರ್ 11ರಂದು ರಾಜ್ಯ ಸರ್ಕಾರ ಒನಕೆ ಓಬವ್ವ ಜಯಂತಿಯನ್ನು ಆಚರಿಸುತ್ತಿದೆ. ಕಿಂಡಿಯ ಬಳಿ ಹೋದ ಭಕ್ತರು ತಮ್ಮ ಹೆಣ್ಣುಮಕ್ಕಳನ್ನು ಮುಂದೆ ನಿಲ್ಲಿಸಿ ಈ ಕಥೆಯನ್ನು ಹೇಳಬೇಕು.

ಯಾತ್ರಿಕರಿಗೆ ಸೂಚನೆಗಳು

ಅಕ್ಟೋಬರಿನಿಂದ ಫೆಬ್ರವರಿಯವರೆಗಿನ ಕಾಲ ಕೋಟೆ ನೋಡಲು ಯೋಗ್ಯ. ಬಂಡೆ ಕಾಯುವ ಬೇಸಿಗೆಯಲ್ಲಿ ಮಧ್ಯಾಹ್ನ ಹತ್ತುವುದು ಬೇಡ. ಬೆಳಿಗ್ಗೆ ಬೇಗನೆ ಆರಂಭಿಸಿದರೆ ನಾಲ್ಕು ಗಂಟೆಗಳಲ್ಲಿ ಮುಖ್ಯ ಸ್ಥಳಗಳನ್ನು ನೋಡಬಹುದು. ಕೋಟೆ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿದ್ದು ಪ್ರವೇಶಕ್ಕೆ ಟಿಕೆಟ್ ಇದೆ. ದ್ವಾರದ ಬಳಿ ಕನ್ನಡದಲ್ಲಿ ವಿವರಿಸುವ ಮಾರ್ಗದರ್ಶಕರು ದೊರೆಯುತ್ತಾರೆ. ಕಥೆಗಳು ಗೊತ್ತಿಲ್ಲದೆ ನೋಡಿದರೆ ದುರ್ಗ ಬರಿಯ ಕಲ್ಲು, ಆದ್ದರಿಂದ ಅವರ ನೆರವು ಪಡೆಯುವುದು ಒಳ್ಳೆಯದು. ಮಂಡಿನೋವು ಇರುವ ಹಿರಿಯರು ಮೊದಲ ಬಾಗಿಲುಗಳನ್ನೂ ಬನಶಂಕರಿ ಗುಡಿಯನ್ನೂ ನೋಡಿ ನೆರಳಿನಲ್ಲಿ ವಿಶ್ರಮಿಸಬಹುದು. ತುಪ್ಪದ ಕೊಳದ ಬಂಡೆಯಲ್ಲಿ ಕಾಲಿಡಲಷ್ಟೇ ಕಡಿದ ಗುಳಿಗಳಿವೆ. ಮಕ್ಕಳೂ ಹಿರಿಯರೂ ಅದನ್ನು ಹತ್ತುವ ಸಾಹಸ ಮಾಡಬಾರದು. ಜಾರದ ಪಾದರಕ್ಷೆ, ಕುಡಿಯುವ ನೀರು ಜೊತೆಗಿರಲಿ. ಕೋತಿಗಳಿರುವುದರಿಂದ ಪ್ರಸಾದ, ಹಣ್ಣುಗಳನ್ನು ಕೈಯಲ್ಲಿ ಹಿಡಿದು ನಡೆಯಬೇಡಿ. ಸಮಯವಿದ್ದವರು ಮಧ್ಯಾಹ್ನದ ಬಳಿಕ ಚಂದ್ರವಳ್ಳಿಗೂ ಹೋಗಿಬರಬಹುದು. ಅಂಕಲಿಮಠದ ಗುಹೆಗೆ ಇಳಿಯುವವರು ಬ್ಯಾಟರಿ ದೀಪ ಒಯ್ಯಬೇಕು.

ನಮ್ಮ ಪಾಲಿನ ಕರ್ತವ್ಯ

ಕಡೆಯದಾಗಿ ನೋವಿನ ಮಾತೊಂದನ್ನು ಹೇಳದೆ ಇರಲಾಗದು. ಭಕ್ತರೊಡನೆ ಕೋಟೆಗೆ ಹೋದಾಗಲೆಲ್ಲ ಬಂಡೆಗಳ ಮೇಲೆ ಬಣ್ಣದಿಂದ ಬರೆದ, ಮೊಳೆಯಿಂದ ಕೆರೆದ ಹೆಸರುಗಳನ್ನು ಕಂಡಿದ್ದೇವೆ. ಹೊಂಡದ ನೀರಿನಲ್ಲಿ ಪ್ಲಾಸ್ಟಿಕ್ ಬಾಟಲಿಗಳು ತೇಲುವುದನ್ನು ಕಂಡಿದ್ದೇವೆ. ಒಮ್ಮೆ ನಮ್ಮ ತಂಡದ ಹುಡುಗನೇ ತಿಂಡಿಯ ಪೊಟ್ಟಣವನ್ನು ಅಕ್ಕ-ತಂಗಿ ಹೊಂಡಕ್ಕೆ ಎಸೆದನು. ಗದರಿಸುವ ಮೊದಲು ಹಿರಿಯ ತಾಯಿಯೊಬ್ಬರು ಅವನನ್ನು ಹತ್ತಿರ ಕರೆದು, "ಅಪ್ಪಾ, ಇದು ಕುಡಿಯೋ ನೀರಾಗಿತ್ತು" ಎಂದಷ್ಟೇ ಹೇಳಿದರು. ಹುಡುಗ ತಲೆತಗ್ಗಿಸಿ ಕೋಲಿನಿಂದ ಆ ಪೊಟ್ಟಣವನ್ನು ಎಳೆದುಕೊಂಡನು. ಶರಣರು ನೀರಿಗೂ ನೆಲಕ್ಕೂ ತೋರಿದ ಭಯಭಕ್ತಿಯನ್ನು ಆ ತಾಯಿ ನಾಲ್ಕು ಮಾತಿನಲ್ಲಿ ಬೋಧಿಸಿದ್ದರು.

ಶತ್ರುವಿನ ಫಿರಂಗಿಗೆ ಜಗ್ಗದ ಗೋಡೆಗಳು ನಮ್ಮ ಅಲಕ್ಷ್ಯಕ್ಕೆ ಜಗ್ಗುತ್ತವೆ. ಒಡ್ಡಿನ ಸಂದಿಯಲ್ಲಿ ಬೇರೂರಿದ ಒಂದು ಅರಳಿಸಸಿ ಸಾಕು, ಕಾಲಕ್ರಮದಲ್ಲಿ ಕಲ್ಲನ್ನು ಕದಲಿಸುತ್ತದೆ. ಕೋಡಿಯ ಬಾಯಿ ಕಸದಿಂದ ಮುಚ್ಚಿದರೆ ಕೆಳಗಿನ ಹೊಂಡ ಬತ್ತುತ್ತದೆ. ಇಲಾಖೆಯ ಸಿಬ್ಬಂದಿಯಷ್ಟೇ 1500 ಎಕರೆಯನ್ನು ಕಾಯಲಾರರು. ಶ್ರೀಮಠದ ಮೂಲಕ ಹೋಗುವ ಪ್ರತಿಯೊಂದು ತಂಡವೂ ತನ್ನ ಕಸವನ್ನು ತಾನೇ ಹೊತ್ತು ಕೆಳಗಿಳಿಸಬೇಕೆಂದೂ, ಯಾವ ಬಂಡೆಯ ಮೇಲೂ ಒಂದಕ್ಷರವನ್ನೂ ಬರೆಯಬಾರದೆಂದೂ ವಿನಂತಿ. ದುರ್ಗವನ್ನು ಕಟ್ಟಿದ ಕಲ್ಲುಕುಟಿಗರು ತಮ್ಮ ಹೆಸರನ್ನು ಅದರ ಮೇಲೆ ಬರೆದುಕೊಳ್ಳಲಿಲ್ಲ. ನೋಡಲು ಹೋದ ನಾವು ಬರೆಯುವುದು ತರವಲ್ಲ.

ಮುಂಗಾರು ಚೆನ್ನಾಗಿ ಆದ ವರ್ಷ ಗೋಪಾಲಸ್ವಾಮಿ ಹೊಂಡ ಇಂದಿಗೂ ತುಂಬುತ್ತದೆ. ಅಂತಹ ದಿನ ಹೋದರೆ, ಹೊಂಡದ ದಡದಲ್ಲಿ ಒಂದು ಗಳಿಗೆ ಕುಳಿತುಕೊಳ್ಳಿ.